ದೇವಿಕೊಪ್ಪದ ಕಂಡೆನ್ಸರ್ ಕಾಕಾ

ಕಳೆದ ತಿಂಗಳು ಶಾಲೆಯಲ್ಲಿ ಎರಡನೆಯ ಪಿರಿಯಡ್ ನಡೆದಿರುವಾಗ ಫೋನು ಅದುರಿತು. ದೇವಿಕೊಪ್ಪದಿಂದ ಕಾಕಾನ ಹೆಂಡತಿ, ಕಾಕು. "ಟೀಚರ್ರ, ನಿಮ್ಮ ಕಾಕಾ ಹೋದ್ರು. ಮುಂಜಾನೆ ಚಹಾ ಕುಡದ್ರು, ಅಲ್ಲೇ ಗ್ವಾಡಿಗೆ ಒರಗಿದ್ರು," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಬೋರ್ಡಿನ ಮೇಲೆ ಅರ್ಧ ಬರೆದ ವಾಕ್ಯವನ್ನು ಪೂರ್ತಿ ಮಾಡಲು ನನ್ನಿಂದ ಆಗಲಿಲ್ಲ. ಓದಿಕೊಳ್ಳಿ ಎಂದು ಮಕ್ಕಳಿಗೆ ಹೇಳಿ ಕುರ್ಚಿಯಲ್ಲಿ ಕುಳಿತೆ.

ಅವರು ನನಗೆ ರಕ್ತಸಂಬಂಧಿಯಲ್ಲ. ಕಲಘಟಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿ ಕೆಲಸ ಮಾಡಿ ನಿವೃತ್ತರಾಗಿ, ತಮ್ಮ ಹುಟ್ಟೂರು ದೇವಿಕೊಪ್ಪದಲ್ಲಿ ಇದ್ದವರು. ನಾನು ಕುಂದಗೋಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಪರಿಚಯಕ್ಕೆ ಮೂರು ವರ್ಷ ತುಂಬಿರಲಿಲ್ಲ. ಒಟ್ಟು ಎಷ್ಟು ಸಲ ಭೇಟಿಯಾದೆವು ಎಂದು ಕೈಬೆರಳಿನಲ್ಲಿ ಎಣಿಸಬಹುದು. ಆದರೂ ಆ ದಿನ ಮನೆಗೆ ಬಂದು ಒಲೆಯ ಮುಂದೆ ನಿಂತಾಗ, ತವರಿನ ಕಡೆಯ ಹಿರಿಯರೊಬ್ಬರನ್ನು ಕಳೆದುಕೊಂಡಂತೆಯೇ ಅನಿಸಿತು.

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಎಷ್ಟೋ ಊರುಗಳಿಗೆ ರೇಡಿಯೋ, ಆಂಪ್ಲಿಫೈಯರ್ ಮಾಡಿಕೊಟ್ಟರೂ ಒಂದರ ಮೇಲೂ ಹೆಸರು ಬರೆದವರಲ್ಲ. "ಕೆಟ್ಟಾಗ ಹುಡುಕ್ಕೊಂಡು ಬರತಾರ್ರಿ. ಛೊಲೋ ನಡೀತಿದ್ರ ಹೆಸರು ತೊಗೊಂಡು ಏನ್ ಮಾಡತಾರ?" ಎನ್ನುತ್ತಿದ್ದರು.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ಏನೂ ಕೆಡುವ ಮೊದಲೇ. ನಮ್ಮ ಮಾವನವರು ಕುಂದಗೋಳದ ಮನೆಮನೆಗಳ ಸಂಗೀತದ ಬೈಠಕ್ಕುಗಳಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕುಳಿತು, ಹಾಡಿದ್ದನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಕೊಂಡು ಬರುತ್ತಿದ್ದವರು. ಅವರ ನಂತರ ಆ ಕ್ಯಾಸೆಟ್ಟುಗಳು ಕಪಾಟಿನಲ್ಲಿ ಉಳಿದವು. ಅವುಗಳನ್ನು ಸರಿಯಾಗಿ ಕೇಳಬೇಕೆಂದು ನನಗೆ ಆಸೆಯಾಯಿತು. ಅದಕ್ಕಿಂತ ದೊಡ್ಡದೊಂದು ಹಟವೂ ಇತ್ತು. ಇಪ್ಪತ್ತು ವರ್ಷದಿಂದ ಕೆಪಾಸಿಟರ್, ರೆಸಿಸ್ಟರ್ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುತ್ತ ಬಂದವಳು, ಒಂದು ಸಲವೂ ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದಿರಲಿಲ್ಲ. ಹಳೆಯ ರೇಡಿಯೋಗಳಲ್ಲಿರುತ್ತಿದ್ದಂಥ ಗಾಜಿನ ವಾಲ್ವ್ ಹಾಕಿದ ಪ್ರಿಆಂಪ್ ಒಂದನ್ನು ನಾನೇ ಕಟ್ಟುತ್ತೇನೆ ಎಂದು ಹೊರಟೆ. ಕ್ಯಾಸೆಟ್ ಪ್ಲೇಯರಿನ ಸಣ್ಣ ದನಿಯನ್ನು ಎತ್ತಿ ಆಂಪ್ಲಿಫೈಯರಿಗೆ ದಾಟಿಸುವ ಪೆಟ್ಟಿಗೆ ಅದು. ನಕ್ಷೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ವಾಲ್ವುಗಳಿಗಾಗಿ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಗೆ ಹೋದಾಗ ಅಲ್ಲಿಯ ಮುದುಕ ನನ್ನನ್ನೂ ನಕ್ಷೆಯನ್ನೂ ನೋಡಿ, "ಅವ್ವಾರ, ಇದನ್ನ ಇಲ್ಲಿ ಯಾರನ್ನೂ ಕೇಳಬ್ಯಾಡ್ರಿ. ದೇವಿಕೊಪ್ಪಕ್ಕ ಹೋಗ್ರಿ," ಎಂದ.

ಹೋದೆ. ಒಂದು ಪಡಸಾಲೆ, ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಉದ್ದದ ಮೇಜು. ಮೇಜಿನ ತುಂಬ ಸಣ್ಣ ಸಣ್ಣ ಡಬ್ಬಿಗಳು. ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಹಾಕುವವರಿಂದ ಖಾಲಿ ಡಬ್ಬಿ ಇಸಿದುಕೊಂಡು ಬಂದು, ಅವುಗಳಲ್ಲಿ ಬಿಡಿಭಾಗ ತುಂಬಿದ್ದರು. ಕೆಂಪಿನ ಡಬ್ಬಿಯಲ್ಲಿ ರೆಸಿಸ್ಟರ್, ಹಳದಿಯದರಲ್ಲಿ ಕಂಡೆನ್ಸರ್. ಕೆಪಾಸಿಟರ್ ಎಂಬ ಶಬ್ದ ಅವರ ಬಾಯಲ್ಲಿ ಎಂದೂ ಬರಲಿಲ್ಲ. ಅವರಿಗೆ ಅದು ಕಂಡೆನ್ಸರ್ರೇ.

ತೆಳ್ಳಗಿನ ಆಳು. ಮಾತು ಬಹಳ ಕಡಿಮೆ. ಎಕ್ಸ್‌ಚೇಂಜಿನಲ್ಲಿ ಲೈನು ಪರೀಕ್ಷೆ ಮಾಡುತ್ತ ಮಾಡುತ್ತ ಮಂದಿಯ ಮಾತು ಕಿವಿಗೆ ಬಿದ್ದು ಬಿದ್ದು, "ನನ್ನ ಪಾಲಿನ ಮಾತು ಅಲ್ಲೇ ಮುಗದು ಹೋತ್ರಿ," ಎನ್ನುತ್ತಿದ್ದರು. ಯಾರ ಮಾತೂ ಅಲ್ಲಿಂದ ಹೊರಗೆ ಬಂದದ್ದಿಲ್ಲ. ಊರಿನ ಒಂದು ಲಗ್ನ ಮುರಿದದ್ದು ಯಾಕೆಂದು ಅವರಿಗೆ ಮಾತ್ರ ಗೊತ್ತಿತ್ತಂತೆ. ಕಾಕು ಎಷ್ಟು ಕೇಳಿದರೂ ಹೇಳಲಿಲ್ಲವಂತೆ. ಇನ್ನೊಂದು ವಿಚಿತ್ರವೆಂದರೆ ಏನು ಕೇಳಿದರೂ ಒಮ್ಮೆಲೇ ಉತ್ತರ ಕೊಡುತ್ತಿರಲಿಲ್ಲ. ನೀವು ಮುಗಿಸಿದ ಮೇಲೂ ಒಂದಷ್ಟು ಹೊತ್ತು ಕಾಯುತ್ತಿದ್ದರು, ಇನ್ನೂ ಏನೋ ಉಳಿದಿದೆ ಎಂಬಂತೆ. ಹೆಚ್ಚಿನ ಸಲ ಉಳಿದೇ ಇರುತ್ತಿತ್ತು.

ನನ್ನ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅಲ್ಲಲ್ಲಿ ಬೆರಳಿಟ್ಟು "ಛೊಲೋ ಐತಿ" ಎಂದರು. ಕೊನೆಗೆ, ದನಿ ಪೆಟ್ಟಿಗೆಯಿಂದ ಹೊರಬೀಳುವ ಜಾಗದಲ್ಲಿ, ದನಿಯನ್ನಷ್ಟೇ ದಾಟಿಸಿ ವೋಲ್ಟನ್ನು ತಡೆಯುವ ಕಂಡೆನ್ಸರಿನ ಮೇಲೆ ಬೆರಳು ನಿಂತಿತು.

"ಇದು ಎಷ್ಟು ಬರಕೊಂಡೀರಿ?"

"ಪಾಯಿಂಟ್ ಸೊನ್ನೆ ನಾಲ್ಕು ಏಳು ಮೈಕ್ರೋಫ್ಯಾರಡ್, ಇನ್ನೂರೈವತ್ತು ವೋಲ್ಟ್," ಎಂದೆ.

"ಯಾಕ?"

ಇಪ್ಪತ್ತು ವರ್ಷದಲ್ಲಿ ಮಕ್ಕಳಿಗೆ ನಾನು ಕೇಳುತ್ತ ಬಂದ ಪ್ರಶ್ನೆ ಅದು. "ನಕ್ಷೆಯಲ್ಲಿ ಹಾಗೇ ಇದೆ," ಎಂದು ಮಕ್ಕಳಂತೆಯೇ ಉತ್ತರ ಕೊಟ್ಟೆ.

ಅವರು ಕಾದರು. ಆಮೇಲೆ ಕೇಳಿದರು, "ಇದರ ಮುಂದ ಯಾವ ಆಂಪ್ಲಿಫೈಯರ್ ಹಚ್ಚಾವ್ರು?"

ಮನೆಯಲ್ಲಿದ್ದ ಸಣ್ಣ ಆಂಪ್ಲಿಫೈಯರಿನ ವಿವರ ಹೇಳಿದೆ. ಅದರ ಒಳಬಾಗಿಲಿನ ತಡೆ ಹತ್ತು ಸಾವಿರ ಓಮ್. ಪೆನ್ಸಿಲಿನಲ್ಲಿ ಕಾಗದದ ಅಂಚಿಗೆ ಭಾಗಾಕಾರ ಮಾಡಿ ನನ್ನ ಮುಂದೆ ಸರಿಸಿದರು. "ನಕ್ಷೆ ಬರದಾವಂದು ಬ್ಯಾರೆ ಆಂಪ್ಲಿಫೈಯರ್. ಅವಂಗ ಇದು ಸಾಕು. ನಿಮ್ಮದಕ್ಕ ಇದನ್ನ ಹಾಕಿದ್ರ ತಬಲಾ ಕೇಳಸತೈತಿ, ಎಡಗೈದು ಡಗ್ಗಾ ಸೊರಗತೈತಿ. ನಿಮ್ಮ ಮಾವನಾರು ಮುಂದಿನ ಸಾಲಿನ್ಯಾಗ ಕುಂತಿದ್ದು ವ್ಯರ್ಥ. ಎರಡು ಪಾಯಿಂಟ್ ಎರಡು ಬೇಕು. ಇನ್ನ ವೋಲ್ಟು. ಕಂಡೆನ್ಸರಿನ ಈ ಕಡ್ಡೀ ಮ್ಯಾಲ ಎಷ್ಟಿರತೈತಿ?"

"ನೂರೈವತ್ತು."

"ಅದು ವಾಲ್ವ್ ಕಾದ ಮ್ಯಾಲ. ಸ್ವಿಚ್ ಹಾಕಿದ ಕೂಡಲೇ?"

 ವಾಲ್ವು ತಣ್ಣಗಿರುವಾಗ ವಿದ್ಯುತ್ತನ್ನು ಎಳೆಯುವುದಿಲ್ಲ. ಆದ್ದರಿಂದ ಮೊದಲ ಅರ್ಧ ನಿಮಿಷ ಸೆಟ್ಟಿಗೆ ಕೊಡುವ ಇನ್ನೂರ ಎಂಬತ್ತು ವೋಲ್ಟೂ, ಇನ್ನೂರೈವತ್ತರದ್ದೆಂದು ನಾನು ಬರೆದುಕೊಂಡ ಆ ಕಂಡೆನ್ಸರಿನ ಮೇಲೇ ಬೀಳುತ್ತದೆ. ದಿನವೂ ಒಂದು ಸಲ ಬೀಳುತ್ತದೆ. ಇದನ್ನು ನಾನು ಯೋಚಿಸಿರಲೇ ಇಲ್ಲ. ಮುಖ ಬಿಸಿಯಾಯಿತು.

"ನಾಚಬ್ಯಾಡ್ರಿ. ಎಲ್ಲಾರೂ ನಡಿಯೂ ಹೊತ್ತಿನದು ನೋಡತಾರ. ಚಾಲೂ ಆಗೂ ಹೊತ್ತಿನದು ಯಾರೂ ನೋಡೂದಿಲ್ಲ," ಎಂದರು.

ಅದೇ ಭೇಟಿಯಲ್ಲಿ ಅವರ ಮೇಜಿನ ಹಿಂದೆ ಒಂದು ಹಳೆಯ ಕಂಡೆನ್ಸರ್ ಕಂಡೆ. ತಗಡಿನ ಚೌಕ ಕವಚ, ಒಳಗೆ ಎಣ್ಣೆಯಲ್ಲಿ ನೆನೆಸಿದ ಕಾಗದ, ಮೇಲೆ ಬಿಳಿಯ ಎರಡು ಪಿಂಗಾಣಿಯ ತುದಿಗಳು. ಕೈಯಲ್ಲಿ ಹಿಡಿದರೆ ಹಳೆಯ ತೂಕದ ಕಲ್ಲಿನ ಹಾಗೆ ಭಾರ. ಎಣ್ಣೆಯ ಕಂಡೆನ್ಸರ್ ಹಾಕಿದರೆ ದನಿ ಬೆಣ್ಣೆಯಂತೆ ಬರುತ್ತದೆ ಎಂದು ಎಲ್ಲೋ ಓದಿದ್ದೆ. ಇದನ್ನು ಕೊಡುತ್ತೀರಾ ಎಂದು ಕೇಳಿದೆ.

"ಅದು ನೋಡಾಕ ಇಟ್ಟದ್ದು. ಹಾಕಾಕ ಅಲ್ಲ."

"ಆರುನೂರು ವೋಲ್ಟ್ ಅಂತ ಬರೆದಿದೆಯಲ್ಲ ಕಾಕಾ?"

"ಬರದು ಐವತ್ತು ವರ್ಷ ಆತು. ಬರದಾವನೂ ಇಲ್ಲ."

ಪ್ಲಾಸ್ಟಿಕ್ ಹಾಳೆಯ ಹೊಸ ಕಂಡೆನ್ಸರ್ ತರಿಸಿಕೊಡುತ್ತೇನೆ, ಎರಡು ವಾರ ತಡೆಯಿರಿ ಎಂದರು. ಅದರ ಚಿತ್ರ ತೋರಿಸಿದರು. ನೋಡಿದರೆ ಬೆಲ್ಲದ ತುಂಡಿನಂತಹ ಒಂದು ಪೆಟ್ಟಿಗೆ. ನನಗೆ ಮನಸ್ಸು ಬರಲಿಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ ಯಂತ್ರಕ್ಕೆ ಕೊನೆಯಲ್ಲಿ ಇದೇ? ಅಂದಿನಿಂದ ಹತ್ತು ದಿನಕ್ಕೆ ಹುಬ್ಬಳ್ಳಿಯ ಅದೇ ಅಂಗಡಿಯಲ್ಲಿ ಅಂಥದೇ ಎಣ್ಣೆಯ ಜೋಡಿಯೊಂದು ಕಂಡಿತು. ಕೊಂಡು ತಂದು ಬೆಸೆದುಬಿಟ್ಟೆ.

ಶನಿವಾರ ಮಧ್ಯಾಹ್ನ ಮೊದಲ ಸಲ ಪ್ರಿಆಂಪ್ ಚಾಲೂ ಆಯಿತು. ಮಾವನವರ ಕ್ಯಾಸೆಟ್ಟಿನಿಂದ ತಂಬೂರಿಯ ದನಿ ಏಳುತ್ತಲೇ ನನ್ನ ಕಣ್ಣು ತುಂಬಿ ಬಂತು. ಹಾಡುಗಾರರು ಕೆಮ್ಮಿದ್ದು, ಯಾರೋ ಪಕ್ಕದವರಿಗೆ "ಅತ್ತ ಸರೀರಿ" ಎಂದು ಪಿಸುಗುಟ್ಟಿದ್ದು ಎಲ್ಲವೂ ಕೇಳಿತು. ಹತ್ತು ನಿಮಿಷ ಕೇಳಿ, ಗೆದ್ದವಳಂತೆ ದೇವಿಕೊಪ್ಪಕ್ಕೆ ಫೋನು ಮಾಡಿದೆ. ಎಣ್ಣೆಯದನ್ನೇ ಹಾಕಿದೆ, ಬಹಳ ಚೆನ್ನಾಗಿದೆ ಎಂದೆ.

ನಾನು ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡರು. ಆಮೇಲೆ, "ದನಿ ಹೊರಗ ಬರೂ ಪಿನ್ನಿನ ಮ್ಯಾಲ ಎಷ್ಟು ವೋಲ್ಟ್ ಬರಾಕತ್ತೈತಿ ನೋಡೀರಿ?"

"ಇಲ್ಲ."

"ಬಂದ್ ಮಾಡ್ರಿ. ವಾಯರ್ ಕಿತ್ತಿಡ್ರಿ. ಕೈ ಹಚ್ಚಬ್ಯಾಡ್ರಿ." ಫೋನು ಇಟ್ಟರು.

ನನಗೆ ಸಿಟ್ಟು ಬಂತು. ಮುದುಕರ ಹಟ ಎಂದುಕೊಂಡೆ. ಆದರೆ ವೈರು ಕಿತ್ತಿಟ್ಟೆ. ಮರುದಿನ ರವಿವಾರ, ಬೆಳಗಿನ ಒಂಬತ್ತೂವರೆಗೆ ಬಾಗಿಲಲ್ಲಿ ಯಾರೋ ಕೆಮ್ಮಿದಂತಾಯಿತು. ಹೋಗಿ ನೋಡಿದರೆ ಕಾಕಾ, ಕೈಚೀಲ ಹಿಡಿದು ನಿಂತಿದ್ದಾರೆ. ಕಲಘಟಗಿಗೆ ಒಂದು ಬಸ್ಸು, ಹುಬ್ಬಳ್ಳಿಗೆ ಇನ್ನೊಂದು, ಕುಂದಗೋಳಕ್ಕೆ ಮತ್ತೊಂದು. ದೇವಿಕೊಪ್ಪ ಬಿಟ್ಟು ಅವರು ಹೊರಗೆ ಹೋಗದೆ ವರ್ಷಗಳೇ ಆಗಿದ್ದವೆಂದು ನನಗೆ ಆಮೇಲೆ ತಿಳಿಯಿತು.

"ನೀರು ಕೊಡ್ಲೇನ್ರಿ?"

"ಮೊದಲು ಸೆಟ್ ತೋರಸ್ರಿ."

ಆಂಪ್ಲಿಫೈಯರಿನ ವೈರು ಬಿಚ್ಚಿಟ್ಟು, ಪ್ರಿಆಂಪಿನ ಹೊರಪಿನ್ನಿಗೆ ತಮ್ಮ ಮೀಟರ್ ಕಚ್ಚಿಸಿ ಸ್ವಿಚ್ಚು ಹಾಕಿದರು. ಮುಳ್ಳು ಒಮ್ಮೆ ಜಿಗಿದು ಕೆಳಗಿಳಿಯಿತು. ಎರಡು ವೋಲ್ಟ್. ನಾನು ಮುಗುಳ್ನಕ್ಕೆ. ಎರಡು ವೋಲ್ಟಿಗೆ ಮೂರು ಬಸ್ಸು ಹತ್ತಬೇಕಿತ್ತೇ?

"ಈಗ ಚಹಾ ಮಾಡ್ರಿ. ಕೂಡ್ರೂಣು," ಎಂದರು.

ಕುಳಿತೆವು. ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿದರು. ಮಾವನವರ ಕ್ಯಾಸೆಟ್ಟುಗಳ ಮೇಲಿನ ಅಕ್ಷರ ಓದಿದರು.  ವಾಲ್ವುಗಳ ಬಿಸಿ ಪೆಟ್ಟಿಗೆಯೊಳಗೆ ಹರಡತೊಡಗಿತ್ತು. ಕಾಲು ಗಂಟೆಗೆ ಮುಳ್ಳು ಹತ್ತಕ್ಕೆ ಬಂತು. ಅರ್ಧ ಗಂಟೆಗೆ ಇಪ್ಪತ್ತೆಂಟು. ಮುಕ್ಕಾಲು ಗಂಟೆಯಾದಾಗ ಅರವತ್ತನ್ನು ದಾಟಿ, ನೋಡನೋಡುತ್ತಿದ್ದಂತೆ ಇನ್ನೂ ಮೇಲೆ ತೆವಳುತ್ತಿತ್ತು. ತಡೆಯಬೇಕಾದ ವೋಲ್ಟನ್ನು ಆ ಚಂದದ ಎಣ್ಣೆಯ ಪೆಟ್ಟಿಗೆ ತಡೆಯುತ್ತಿರಲಿಲ್ಲ. ನಾನು ಕೇಳಿದ ಆ ಹತ್ತು ನಿಮಿಷದಲ್ಲಿ ಅದು ಇನ್ನೂ ಬಿಸಿಯಾಗಿರಲಿಲ್ಲ, ಅಷ್ಟೇ.

ಅವರು ಸ್ವಿಚ್ಚು ಆರಿಸಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮೀಟರಿನ ವೈರು ಸುತ್ತುತ್ತ ನಿಧಾನವಾಗಿ ಹೇಳಿದರು.

"ನನಗ ನೌಕರಿ ಹೊಸಾದು. ಲಗ್ನ ಆಗಿ ಆರು ತಿಂಗಳ ಆಗಿತ್ತು. ನಮ್ಮ ಓಣ್ಯಾಗ ಬುದ್ಧ ಪೂರ್ಣಿಮಾ ಕಾರ್ಯಕ್ರಮ. ಸೆಟ್ ಹಗುರ ಆಗ್ಲಿ ಅಂತ ಟ್ರಾನ್ಸ್‌ಫಾರ್ಮರ್ ಇಲ್ಲದ ಮಾಡಿದ್ದೆ. ಕರೆಂಟಿಗೂ ಮೈಕಿಗೂ ನಡುವ ಒಂದಽ ಒಂದು ಕಂಡೆನ್ಸರ್. ಹಳೇ ರೇಡಿಯೋದಾಗಿಂದ ಕಿತ್ತಿದ್ದು. ಮುಂಜಾನೆ ಛೊಲೋ ಇತ್ತು. ಮಧ್ಯಾಹ್ನ ಬಿಸಲಿಗೆ ಕಾದು ಸೋರಾಕತ್ತು. ಹಾಡಾಕ ನಿಂತಾಕಿ ಮೈಕ್ ಹಿಡದ್ಲು. ಬಿಡಾಕ ಆಗಲಿಲ್ಲ ಆಕೀಗೆ. ನಾ ಓಡಿ ವಾಯರ್ ಕೀಳೂದ್ರಾಗ ಎರಡು ಬಟ್ಟು ಸುಟ್ಟಿದ್ದವು."

"ಯಾರು ಕಾಕಾ?"

"ಮನ್ಯಾಗ ನೋಡೀರಲ್ಲ. ಆಕೀನಽ. ಬಲಗೈದು ಎರಡು ಬಟ್ಟು ನೆಟ್ಟಗ ಆಗೂದಿಲ್ಲ."

ದೇವಿಕೊಪ್ಪಕ್ಕೆ ಹೋದ ದಿನ ಕಾಕುವಿನ ಕೈಯಿಂದ ಮೂರು ಸಲ ಚಹಾ ಇಸಿದುಕೊಂಡಿದ್ದೆ. ಒಂದು ಸಲ ಅವರ ಕೈಯ ಉಪ್ಪಿಟ್ಟು ತಿಂದಿದ್ದೆ. ಆ ಬೆರಳುಗಳನ್ನು ನಾನು ನೋಡಿರಲೇ ಇಲ್ಲ. ಮೇಜಿನ ಮೇಲಿನ ಡಬ್ಬಿಗಳನ್ನೇ ನೋಡುತ್ತಿದ್ದೆ.

"ನಿಮ್ಮ ಸೆಟ್ಟಿನ್ಯಾಗ ಟ್ರಾನ್ಸ್‌ಫಾರ್ಮರ್ ಐತಿ, ಅಷ್ಟು ಘಾತ ಆಗೂದಿಲ್ಲ," ಎಂದು ಅವರೇ ಸಮಾಧಾನ ಹೇಳಿದರು. "ಝಟಕಾ ಹೊಡೀತಿತ್ತು, ಸ್ಪೀಕರ್ ಹೋಗ್ತಿತ್ತು. ಆದ್ರ ಯಾವದರಾಗ ಎಷ್ಟು ಘಾತ ಐತಿ ಅಂತ ಲೆಕ್ಕಾ ಹಾಕಿ ಕೂಡ್ರೂದು ನನಗ ಆಗೂದಿಲ್ರಿ. ಅದಕ್ಕ ಬಂದೆ."

ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದರು. ಬೆಲ್ಲದ ತುಂಡಿನಂತಹ ಎರಡು ಕಂಡೆನ್ಸರ್. ಎರಡು ಪಾಯಿಂಟ್ ಎರಡು, ಆರುನೂರಾ ಮೂವತ್ತು ವೋಲ್ಟ್. ಹೊಸದಾದರೂ ನಂಬದೆ, ನಾನೂರು ವೋಲ್ಟ್ ಕೊಟ್ಟು ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿಟ್ಟು ಪರೀಕ್ಷೆ ಮಾಡಿ ತಂದಿದ್ದರು. ನನ್ನಿಂದಲೇ ಬೆಸುಗೆ ಹಾಕಿಸಿದರು. ಮತ್ತೆ ಮುಕ್ಕಾಲು ಗಂಟೆ ಕುಳಿತೆವು. ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ. ಆಮೇಲೆ ಕ್ಯಾಸೆಟ್ ಹಾಕಿದೆ. ಡಗ್ಗಾ ಎದೆಗೆ ಬಂದು ಮುಟ್ಟಿತು. ಎಣ್ಣೆಯದಕ್ಕಿಂತ ಚೆನ್ನಾಗಿತ್ತೋ ಇಲ್ಲವೋ ಇಂದಿಗೂ ಹೇಳಲಾರೆ. ಹೇಳಬೇಕೆಂದು ಆಗ ಅನಿಸಲೂ ಇಲ್ಲ. ಅವರು ಊಟ ಮುಗಿಸಿ ಎರಡು ಗಂಟೆಯ ಬಸ್ಸಿಗೆ ಹೋದರು.

ದಸರೆಯ ರಜೆಯಲ್ಲಿ ಪ್ರಿಆಂಪನ್ನು ಕಾಕುವಿಗೂ ಕೇಳಿಸಬೇಕೆಂದು ಚೀಲದಲ್ಲಿ ಕಟ್ಟಿಕೊಂಡು ದೇವಿಕೊಪ್ಪಕ್ಕೆ ಹೊರಟೆ. ಕ್ಯಾಸೆಟ್ ಪ್ಲೇಯರ್, ಆಂಪ್ಲಿಫೈಯರ್, ಸ್ಪೀಕರ್ ಅವರ ಮನೆಯಲ್ಲೇ ಇದ್ದವು. ಬಸ್ಸಿನಲ್ಲಿ ಕಂಡಕ್ಟರ್ ಚೀಲ ಎತ್ತಿ ನೋಡಿ, "ಗ್ರೈಂಡರ್ ಏನ್ರಿ ಅಕ್ಕಾರ? ಕಾಲಬುಡಕ್ಕ ಇಡ್ರಿ," ಎಂದ.

ಪಡಸಾಲೆಯಲ್ಲಿ ಕ್ಯಾಸೆಟ್ ಹಾಕಿದೆವು. ಕಾಕು ಕಂಬಕ್ಕೆ ಒರಗಿ ಕ್ಯಾಸೆಟ್ಟಿನ ಪೂರ್ತಿ ಒಂದು ಮಗ್ಗುಲು ಕೇಳಿದರು. ಮುಗಿದ ಮೇಲೆ ನನ್ನನ್ನು ಕೇಳಿದರು, "ಇದಕ್ಕ ಮೈಕ್ ಹಚ್ಚಾಕ ಬರತೈತೇನ್ರಿ?"

"ಬರೂದಿಲ್ಲ," ಎಂದರು ಕಾಕಾ. ಅವರು ಹಾಗೆ ತಟ್ಟನೆ ಉತ್ತರ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಾಕು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಸುಳ್ಳು ಹೇಳಲಾಗಲಿಲ್ಲ. "ಬರತೈತ್ರಿ ಕಾಕು," ಎಂದೆ.

"ಹಂಗಾರ ಹಚ್ಚರಿ."

"ಬ್ಯಾಡ ಅಂದ್ನೆಲ್ಲಾ," ಎಂದು ಕಾಕಾ ಎದ್ದು ನಿಂತರು.

"ನೀವು ಕೂಡ್ರಿ," ಎಂದರು ಕಾಕು. ದನಿ ಎತ್ತರಿಸಲಿಲ್ಲ. "ಟೀಚರ್ರ, ಇವರು ನಿಮಗ ನನ್ನ ಕೈದು ಹೇಳ್ಯಾರಂತ. ಅರ್ಧಾ ಹೇಳ್ಯಾರ. ನೆಲಕ್ಕ ನೀರು ಹೊಡದಿದ್ರು. ಚಪ್ಪಲ್ ಮೆಟಿಗೊಂಡು ನಿಂದ್ರು ಅಂತ ಇವರು ಹೇಳಿದ್ರು. ಬುದ್ಧನ ಮುಂದ ಚಪ್ಪಲ್ ಹಾಕೂದಿಲ್ಲ ಅಂತ ನಾನಽ ಬರಿಗಾಲಿಲೆ ನಿಂತೆ. ಇದನ್ನ ಹೇಳ್ಯಾರೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಹೇಳೂದಿಲ್ಲ. ಮುಂದಿಂದೂ ಹೇಳೂದಿಲ್ಲ. ನನ್ನಿಂದ ಈಕಿ ಹಾಡು ಹಾಳಾತು ಅಂತ ಇವರು ತಿಳಕೊಂಡಾರ. ನಾನು ಒಂದಿನಾನೂ ಬಿಟ್ಟಿಲ್ರಿ. ಭತ್ತದ ಗದ್ದ್ಯಾಗ ಹಾಡೀನಿ, ರೊಟ್ಟಿ ಬಡಕೋತ ಹಾಡೀನಿ. ನಾ ದನಿ ತಗದ್ರ ಸಾಕು, ಇವರು ಚಪ್ಪಲ್ ಮೆಟಿಗೊಂಡು ಹೊರಗ ಹೊಕ್ಕಾರ. ನಲವತ್ತು ವರ್ಷ ನನ್ನ ಕೈ ನೋಡಕೋತ ಕುಂತಾರ, ಹಾಡು ಕೇಳಿಲ್ಲ. ಎರಡು ಬಟ್ಟು ಹೋದದ್ದಕ್ಕ ನನಗೇನೂ ಆಗಲಿಲ್ಲ ಟೀಚರ್ರ. ಎದ್ದು ಹೋಗ್ತಾರಲ್ಲ, ಅದು ತಡಕೊಳ್ಳಾಕ ಆಗೂದಿಲ್ಲ."

ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹಾದುಹೋಯಿತು.  ಕಾಕಾ ನೆಲ ನೋಡುತ್ತ ನಿಂತಿದ್ದರು. ಆಮೇಲೆ ಒಳಗೆ ಹೋಗಿ ಒಂದು ಮೈಕು ತಂದರು. ಸೆಟ್ಟಿಗೆ ಜೋಡಿಸಿದರು. ಮೈಕು ಕೀಂ ಎಂದು ಕೂಗದಿರಲೆಂದು ಸ್ಪೀಕರನ್ನು ಹೊರಗಿನ ಕಟ್ಟೆಗೆ ಸಾಗಿಸಿದರು. ಮೈಕಿನ ಮೈಗೂ ನೆಲಕ್ಕೂ ಮೀಟರ್ ಹಿಡಿದರು. ಸೊನ್ನೆ. ವಾಲ್ವು ಕಾಯುವವರೆಗೆ ತಡೆದು ಮತ್ತೆ ಹಿಡಿದರು. ಸೊನ್ನೆ. ಮೂರನೆಯ ಸಲವೂ ಹಿಡಿದರು. ಇಷ್ಟಾದರೂ ಮೈಕನ್ನು ಕಾಕುವಿನ ಕೈಗೆ ಕೊಡಲು ಅವರಿಂದ ಆಗಲಿಲ್ಲ. ಕಾಕು ಕೈ ಚಾಚಿಯೇ ಇದ್ದರು. ಕೊನೆಗೆ ಕಾಕಾ ಅವರ ಎದುರಿಗೆ ನೆಲದ ಮೇಲೆ ಕುಳಿತು, ಮೈಕಿನ ಲೋಹದ ಮೈಯನ್ನು ತಾವೇ ಮುಷ್ಟಿ ಬಿಗಿದು ಹಿಡಿದು, ಹೆಂಡತಿಯ ಬಾಯಿಯ ಹತ್ತಿರ ಒಯ್ದರು.

ಕಾಕು ಹಾಡಿದರು. ಬೀಸುವಾಗ ತಮ್ಮ ಅವ್ವ ಹೇಳುತ್ತಿದ್ದ ಹಾಡಂತೆ. ತವರಿನ ದಾರಿ, ಅಣ್ಣನ ಎತ್ತು, ಹಳ್ಳದ ನೀರು ಎಲ್ಲ ಬಂದವು. ದನಿಗೆ ವಯಸ್ಸಾಗಿತ್ತು, ಮೇಲಿನ ಸ್ವರದಲ್ಲಿ ಒಡೆಯುತ್ತಿತ್ತು. ಆದರೂ ಕಟ್ಟೆಯ ಮೇಲಿನ ಸ್ಪೀಕರಿನಿಂದ ಅದು ಓಣಿಗೆ ಹರಿಯಿತು. ಎದುರು ಮನೆಯ ಹೆಂಗಸೊಬ್ಬಳು ಮೊರ ಹಿಡಿದುಕೊಂಡೇ ಬಂದು ನಿಂತಳು.  ಕಾಕಾನ ಕಣ್ಣು ಕಾಕುವಿನ ಮುಖದ ಮೇಲೇ ಇತ್ತು. ಅವರು ಎದ್ದು ಹೋಗಲಿಲ್ಲ.

ಹಾಡು ಮುಗಿಯಿತು. ಎಂದಿನಂತೆ ಕಾಕಾ ಕಾದರು. ಪ್ರಿಆಂಪಿನ ದನಿ ಹೇಗಿದೆ ಎಂದು ನನಗೆ ಹೇಳುತ್ತಾರೆಂದುಕೊಂಡೆ. ಅವರು ನನ್ನ ಕಡೆ ತಿರುಗಲೇ ಇಲ್ಲ.

"ಅಣ್ಣ ಹಳ್ಳ ದಾಟಿದ ಮ್ಯಾಲ ಏನಂದಿ, ಆ ಸಾಲು ನನಗ ಸರಿ ಕೇಳಸಲಿಲ್ಲ," ಎಂದರು. "ಮತ್ತೊಮ್ಮೆ ಅನ್ನು."

ಕಾಕು ಸೆರಗಿನಿಂದ ಬಾಯಿ ಒರೆಸಿಕೊಂಡರು. ಆ ಸಾಲನ್ನಷ್ಟೇ ಅಲ್ಲ, ಹಾಡನ್ನು ಮೊದಲಿನಿಂದ ಎತ್ತಿಕೊಂಡರು.